ಕೆಂಪು ಗೆರೆಯ ಮೇಲಿನ ನೀರು

ಅವಳಿಗೆ ಎಚ್ಚರವಾದದ್ದು ಸದ್ದಿನಿಂದಲೋ, ಸದ್ದುಗಳೆಲ್ಲ ನಿಂತುಹೋದದ್ದರಿಂದಲೋ ತಿಳಿಯಲಿಲ್ಲ. ಫ್ಯಾನು ನಿಂತಿತ್ತು, ಫ್ರಿಜ್ಜಿನ ಗೊಣಗಾಟ ನಿಂತಿತ್ತು, ಬೀದಿದೀಪ ಆರಿ ಕಿಟಕಿಯೇ ಇಲ್ಲವಾಗಿತ್ತು. ಆ ಮೌನದೊಳಗೆ, ನಡುಮನೆಯ ಕಡೆಯಿಂದ, ಬಾಯಾರಿದ ಯಾರೋ ಮನೆಯವರಿಗೆ ಗೊತ್ತಾಗದ ಹಾಗೆ ಚೊಂಬೆತ್ತಿ ಕುಡಿಯುತ್ತಿರುವಂತೆ ಒಂದು ಸಣ್ಣ ಸದ್ದು: ಗುಳು, ಗುಳು. ಪಕ್ಕದಲ್ಲಿ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನಿಗೆ ನಿದ್ದೆಯೆಂದರೆ ಸ್ವಂತ ಆಸ್ತಿ, ಯಾರೂ ಒತ್ತುವರಿ ಮಾಡುವಂತಿಲ್ಲ. ಅವಳದು ಹಾಗಲ್ಲ, ಆ ನೀರಿನ ಗಲಾಟೆಯಾದ ಮೇಲಂತೂ ಮನೆಯಲ್ಲಿ ಎಲ್ಲಿ ಏನು ತೊಟ್ಟಿಕ್ಕಿದರೂ ಅದು ತನ್ನ ಹೆಸರು ಹಿಡಿದು ಕರೆದಂತೆ ಅವಳು ಏಳುತ್ತಿದ್ದಳು. ಮೊಬೈಲಿನ ಬೆಳಕು ಹಿಡಿದು, ಅತ್ತೆಯ ಕೋಣೆಯ ಬಾಗಿಲನ್ನು ತುದಿಗಾಲಲ್ಲಿ ದಾಟಿ, ಮೀನಿನ ತೊಟ್ಟಿಯ ಮುಂದೆ ಕುಳಿತಳು. ಮೀನುಗಳು ಒಂದು ಮೂಲೆಗೆ ಸೇರಿ, ರೆಪ್ಪೆಯಿಲ್ಲದ ಕಣ್ಣುಗಳಿಂದ ಬೆಳಕನ್ನೇ ನೋಡುತ್ತಿದ್ದವು. ಅವಳು ಕೆಳಗಿನ ಕಪಾಟಿನ ಬಾಗಿಲು ತೆರೆದಳು. ಅಲ್ಲಿದ್ದ ಕೆಳತೊಟ್ಟಿಯ ಗಾಜಿನ ಮೇಲೆ, ಇದಕ್ಕಿಂತ ಮೇಲೆ ನೀರು ತುಂಬಬಾರದೆಂದು ಭಾವ ಎಳೆದ ಕೆಂಪು ಗೆರೆ ಇತ್ತು. ನೀರು ಅದನ್ನು ಆಗಲೇ ದಾಟಿತ್ತು. ನೋಡನೋಡುತ್ತಿದ್ದಂತೆ ಇನ್ನೂ ಏರುತ್ತಿತ್ತು.

ಇಷ್ಟು ಹೊತ್ತಿಗೆ ಅದು ನಿಲ್ಲಬೇಕಾಗಿತ್ತು. ತೊಟ್ಟಿಯ ವ್ಯವಹಾರ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೆಳತೊಟ್ಟಿಯಲ್ಲಿರುವ ಪಂಪು ಪೈಪಿನ ಮೂಲಕ ನೀರನ್ನು ಮೇಲಕ್ಕೆ ಕಳಿಸುತ್ತದೆ. ಮೇಲೆ ಹೆಚ್ಚಾದ ನೀರು ಬಾಚಣಿಗೆಯ ಹಲ್ಲಿನಂಥ ಅಂಚಿನ ಮೇಲಿಂದ ಚೆಲ್ಲಿ, ಸೋಸಿಕೊಂಡು ಮತ್ತೆ ಕೆಳಕ್ಕೆ ಬರುತ್ತದೆ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಆ ಹಲ್ಲುಗಳ ಮೇಲೆ ನಿಂತಿದ್ದಷ್ಟು ನೀರು ಕೆಳಗಿಳಿಯುತ್ತದೆ, ಅದಕ್ಕೆಂದೇ ಕೆಳಗೆ ಜಾಗ ಬಿಟ್ಟಿರುತ್ತಾರೆ, ಕಥೆ ಮುಗಿಯಿತು. ಹಾಗಿದ್ದರೂ ಅವತ್ತು, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಕರೆಂಟು ಹೋಗಿ, ಕೆಳತೊಟ್ಟಿ ಉಕ್ಕಿ, ನಡುಮನೆ ತುಂಬಿ, ನೆಲದ ಬಿರುಕು ಹಿಡಿದು ಕೆಳಗಿನ ಮನೆಯ ಟೇಲರಮ್ಮನ ಮೇಜಿನ ಮೇಲೆ, ಕತ್ತರಿಸಿಟ್ಟಿದ್ದ ಬಟ್ಟೆಗಳ ಮೇಲೆ, ಬಣ್ಣ ಬಣ್ಣ ಬೆರೆತು ಹೋಗುವಷ್ಟು ನೀರು ಸುರಿದಿತ್ತು. ಬೆಳಿಗ್ಗೆ ತೊಟ್ಟಿಗೆ ನೀರು ಹಾಕಿದವಳು ಅವಳು. ದಿನಾ ಆವಿಯಾಗಿ ಕಡಿಮೆಯಾಗುವಷ್ಟನ್ನು ತುಂಬುವುದು ಅವಳ ಪಾಲಿನ ಕೆಲಸ. ಅಷ್ಟು ಸಾಕಾಯಿತು. "ಒಂದು ಲೋಟ ಅನ್ನೋ ಕಡೆ ಒಂದು ಕೊಡ ಹಾಕಿರ್ತಾಳೆ" ಎಂದರು ಸುದ್ದಿ ಕೇಳಿ ಬಂದ ಭಾವ, ಕಣ್ಣಾರೆ ಕಂಡವರ ಹಾಗೆ. ಅವರೇ ಕಟ್ಟಿದ ತೊಟ್ಟಿ. ಅವರ ಮನೆಯಲ್ಲಿ ಜಾಗವಿಲ್ಲವೆಂದು ತಮ್ಮನ ಮನೆಗೆ ಬಂದು ಕೂತದ್ದು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೇಲ್ವಿಚಾರಕರು. ಏರಿಸುವುದು ಇಳಿಸುವುದೇ ತಮ್ಮ ಕಸುಬು ಎಂದು ಹೇಳಿಕೊಳ್ಳುವವರು. ಅವರ ಮಾತಿಗೆ ಎದುರು ಯಾರಿದ್ದಾರೆ? ಸಂಜೆ ಗಂಡ ಅವಳನ್ನು ಕೆಳಗೆ ಕರೆದುಕೊಂಡು ಹೋದ. ಅಳತೆ ಕೊಡಲು ಬಂದ ಹೆಂಗಸರು ಟೇಪಿನ ಅಡಿಯಲ್ಲಿ ಕೈ ಎತ್ತಿಕೊಂಡೇ ನಿಂತು ನೋಡುತ್ತಿದ್ದರು. "ತಪ್ಪಾಯ್ತು" ಎಂದಳು ಅವಳು. ಟೇಲರಮ್ಮ ಹೊಲಿಗೆಯಂತ್ರದಿಂದ ಕಣ್ಣೆತ್ತದೆ, "ಜೋರಾಗಿ ಹೇಳಿ, ಮಿಷನ್ ಸದ್ದಲ್ಲಿ ಕೇಳಿಸ್ಲಿಲ್ಲ" ಎಂದಳು. ಅವಳು ಜೋರಾಗಿ ಹೇಳಿದಳು. ಗಂಡ ಅವಳ ಪಕ್ಕದಲ್ಲಿ ನಿಂತು, ಮಗುವಿನ ಕೈಯಲ್ಲಿ ಪದ್ಯ ಹೇಳಿಸುವ ತಂದೆಯಂತೆ, ತಲೆಯಾಡಿಸುತ್ತಿದ್ದ.

ಗುಳು, ಗುಳು. ಅವಳು ಬೆಳಕನ್ನು ಮೇಲಕ್ಕೆ ಹಿಡಿದಳು. ಬಾಚಣಿಗೆಯ ಹಲ್ಲುಗಳು ಬುಡದವರೆಗೂ ಬಿಟ್ಟುಕೊಂಡು ಒಣಗಿ ನಿಂತಿದ್ದವು. ನೀರು ಅವುಗಳಿಗಿಂತ ಕೆಳಗಿತ್ತು, ಇನ್ನೂ ಇಳಿಯುತ್ತಿತ್ತು. ಅಂದರೆ ಈ ನೀರು ಹೋಗುತ್ತಿರುವ ದಾರಿ ಅದಲ್ಲ. ಅವಳು ಉಸಿರು ಬಿಗಿಹಿಡಿದು ಸದ್ದಿನ ಜಾಡು ಹಿಡಿದಳು. ಸದ್ದು ಪೈಪಿನಲ್ಲಿತ್ತು, ನೀರು ಮೇಲೆ ತರುವ ಪೈಪಿನಲ್ಲಿ. ಹಗಲೆಲ್ಲ ಮೇಲಕ್ಕೆ ತಂದದ್ದನ್ನು ಅದು ಕತ್ತಲಲ್ಲಿ ಕೆಳಕ್ಕೆ ಸಾಗಿಸುತ್ತಿತ್ತು. ಅದರ ಬಾಯಿ ನೀರಿನೊಳಗೆ ಆಳದಲ್ಲಿ ಮುಳುಗಿತ್ತು. ಅಷ್ಟು ಆಳಕ್ಕೆ ಅದನ್ನು ಇಳಿಸಿದವರು ಭಾವ. ಇಳಿಸಲು ಕಾರಣ, ಅವಳೇ. ತೊಟ್ಟಿ ಬಂದ ಹೊಸದರಲ್ಲಿ, ರಾತ್ರಿಯೆಲ್ಲ ಯಾರೋ ಬಾಯಿ ಮುಕ್ಕಳಿಸುತ್ತಿರುವ ಹಾಗೆ ಕೇಳಿಸುತ್ತದೆ ಎಂದು ಅವಳು ತಮಾಷೆಗೆ ಹೇಳಿದ್ದಳು, ಅತ್ತೆಯೂ ಹೌದೌದು ಎಂದು ದನಿಗೂಡಿಸಿದ್ದರು. ಭಾವ ಇನ್ನೊಂದು ತುಂಡು ಪೈಪು ಸೇರಿಸಿ ಬಾಯಿಯನ್ನು ಆಳಕ್ಕೆ ಇಳಿಸಿ, "ಈಗ ಮಹಾರಾಣಿಯರಿಗೆ ನಿದ್ದೆ ಬರುತ್ತಾ?" ಎಂದಿದ್ದರು. ಕೆಳತೊಟ್ಟಿಯ ನೀರು ಅಂಚಿಗೆ ಬೆರಳಷ್ಟು ಅಂತರದಲ್ಲಿತ್ತು. ಅವಳು ಬಟ್ಟೆಯ ತೋಳು ಮಡಚದೆಯೇ ಮೇಲಿನ ತೊಟ್ಟಿಯೊಳಗೆ ಕೈ ಹಾಕಿ ಪೈಪಿನ ಬಾಯಿಯನ್ನು ತಿರುಗಿಸಿ ನೀರಿನಿಂದ ಮೇಲೆತ್ತಿದಳು. ಗುಟುಕ್! ಪೈಪು ಗಾಳಿ ನುಂಗಿತು. ಎಲ್ಲ ನಿಂತಿತು. ಬಿದ್ದ ಏಟಿಗೆ ಸುಮ್ಮನಾದ ಹಾಗೆ ನಿಂತಿತು. ಕರೆಂಟು ಬರುವವರೆಗೂ ಅವಳು ಹಾಗೇ, ಒದ್ದೆ ತೋಳಿನಿಂದ ಪೈಪನ್ನು ಹಿಡಿದು ಕೂತಿದ್ದಳು. ಮೀನುಗಳು ಒಂದೊಂದಾಗಿ ಬಂದು ಅವಳ ಮೊಣಕೈಯನ್ನು ಮುಟ್ಟಿ ನೋಡಿ ಹೋದವು. ತಪ್ಪು ನನ್ನದಾಗಿರಲಿಲ್ಲ, ಎಂದು ಅವಳು ಮನಸ್ಸಿನಲ್ಲಿ ಒಂದು ಸಲ ಹೇಳಿಕೊಂಡಳು. ವಾಕ್ಯ ಸರಿಯಾಗಿತ್ತು. ತಿದ್ದುವಂಥದ್ದೇನೂ ಇರಲಿಲ್ಲ.

ಬೆಳಿಗ್ಗೆ ಗಂಡ ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ ಹೇಳಿದಳು. ಅವನು ಕನ್ನಡಿಯಿಂದಲೇ ಅವಳನ್ನು ನೋಡಿದ. "ಪೈಪಲ್ಲಿ ನೀರು ಉಲ್ಟಾ ಬರುತ್ತಾ? ಅಣ್ಣ ಅದಕ್ಕೆ ವಾಲ್ವ್ ಹಾಕಿದಾನಲ್ಲ, ವಾಪಸ್ ಬರಬಾರದು ಅಂತಾನೇ."

"ವಾಲ್ವ್ ಕಚ್ಚಿಕೊಂಡು ನಿಂತಿರಬಹುದು ರೀ. ಬಸವನಹುಳದ ಚಿಪ್ಪು ಸಿಕ್ಕಿಹಾಕಿಕೊಂಡರೂ ಸಾಕು. ನಾನು ಕಣ್ಣಾರೆ ನೋಡಿದೀನಿ."

"ನೋಡಿದೀಯ, ಸರಿ. ಮುಟ್ಟಿಲ್ಲ ತಾನೇ?"

"ಮುಟ್ಟದೇ ಇದ್ದಿದ್ರೆ ಇಷ್ಟು ಹೊತ್ತಿಗೆ ಟೇಲರಮ್ಮ ಮೇಲೆ ಬಂದಿರ್ತಿದ್ರು."

ಅವನು ಬ್ಲೇಡನ್ನು ನೀರಿಗೆ ಹಿಡಿದು, "ಅಣ್ಣನಿಗೆ ಫೋನ್ ಹಚ್ತೀನಿ, ನೀನೇ ಹೇಳು" ಎಂದ. ಅವಳೇ ಹೇಳಿದಳು. ಪೈಪಿಗೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಸಣ್ಣ ತೂತು ಕೊರೆದರೆ, ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ ಎಂದೂ ಹೇಳಿದಳು. ಚಿಕ್ಕಂದಿನಲ್ಲಿ ಅಪ್ಪ ಪೀಪಾಯಿಯಿಂದ ನಳಿಕೆ ಹಚ್ಚಿ ನೀರೆಳೆಯುವಾಗ, ನಳಿಕೆಯಲ್ಲಿ ಒಂದು ಬಿರುಕಿದ್ದರೂ ಎಳೆತ ಕೂರದೆ, ಅಪ್ಪ ಬೈಯುತ್ತಾ ಅಂಟುಪಟ್ಟಿ ಸುತ್ತುತ್ತಿದ್ದದ್ದು ಅವಳ ಕಣ್ಣ ಮುಂದಿತ್ತು. ಅಲ್ಲಿ ದೋಷವಾದದ್ದು ಇಲ್ಲಿ ಔಷಧಿ.  ಫೋನಿನ ಆ ಕಡೆ ಭಾವ ನಕ್ಕರು. "ಹಡಗು ಮುಳುಗಬಾರದು ಅಂತ ಹಡಗಿಗೇ ತೂತು ಕೊರೀತಾಳಂತೆ ನಮ್ಮ ನೀರಾವರಿ ಇಲಾಖೆ! ನೋಡಮ್ಮ, ಗೆರೆ ಎಳೆದು ಕೊಟ್ಟಿದೀನಲ್ಲ, ಅದರ ಮೇಲೆ ಒಂದು ಹನಿ ಹಾಕಬೇಡ, ಅಷ್ಟೇ ನಿನ್ನ ಕೆಲಸ. ಮಿಕ್ಕಿದ್ದು ಮುಟ್ಟಬೇಡ." ಗಂಡ ಪಕ್ಕದಲ್ಲಿ ಕೇಳಿಸಿಕೊಂಡು ತಾನೂ ಸ್ವಲ್ಪ ನಕ್ಕ. ಆ ಗಲಾಟೆಯ ಮರುವಾರವೇ ಹುಟ್ಟಿದ ಅಡ್ಡಹೆಸರು ಅದು. ಮನೆಗೆ ನೆಂಟರು ಬಂದಾಗ ಅವಳು ಕುಡಿಯುವ ನೀರು ತಂದರೂ ಸಾಕು, ಇಲಾಖೆ ಬಂತು, ಕಾಲು ಮೇಲೆತ್ಕೊಳ್ಳಿ, ಎನ್ನುತ್ತಿದ್ದರು ಭಾವ. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದಿದ್ದರೆ ತಮಾಷೆ ಗೊತ್ತಾಗದವಳು ಎಂಬ ಇನ್ನೊಂದು ದೂರು ಸೇರಿಕೊಳ್ಳುತ್ತದೆ.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ಮುದ್ರಣಾಲಯದಲ್ಲಿ, ಕರಡು ತಿದ್ದುವ ಮೇಜಿನಲ್ಲಿ. ವಿಚಿತ್ರ ಕೆಲಸ. ಹಿಡಿದ ತಪ್ಪುಗಳು ಯಾರಿಗೂ ಕಾಣುವುದಿಲ್ಲ, ಏಕೆಂದರೆ ಅವು ಪುಸ್ತಕದಲ್ಲಿರುವುದಿಲ್ಲ. ಬಿಟ್ಟುಹೋದ ಒಂದೇ ಒಂದು ತಪ್ಪು ಮಾತ್ರ ಅವಳ ಹೆಸರಿನಲ್ಲಿ ಉಳಿಯುತ್ತದೆ. ಆ ದಿನ ಅವಳು ಒಂದೇ ಪುಟವನ್ನು ಮತ್ತೆ ಮತ್ತೆ ಓದಿದಳು. ಅಕ್ಷರಗಳ ಹಿಂದೆ ಪೈಪು ನಿಂತಿತ್ತು. ಬಾಯಿಯನ್ನು ಮೇಲೆತ್ತಿಟ್ಟರೆ ಸಾಕಲ್ಲವೇ? ಎತ್ತಿಟ್ಟರೆ ಅತ್ತೆಗೆ ಸದ್ದು. ಭಾನುವಾರ ಭಾವ ಬಂದು ಮತ್ತೆ ಇಳಿಸುತ್ತಾರೆ. ತೂತನ್ನು ಯಾರೂ ಇಳಿಸಲಾರರು. ಅವಳು ಆ ತೂತನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಳು, ಒಂದು ಚುಕ್ಕೆ, ಮತ್ತೆ ಅಳಿಸಿದಳು. ಇನ್ನೊಮ್ಮೆ ನೀರು ಕೆಳಗಿಳಿದರೆ ಇನ್ನೊಮ್ಮೆ ಮೆಟ್ಟಿಲಿಳಿಯಬೇಕು, ಇನ್ನೊಮ್ಮೆ ಯಂತ್ರದ ಸದ್ದನ್ನು ಮೀರಿ ಆ ಮಾತು ಹೇಳಬೇಕು. ಇಲ್ಲ. ಆ ಮಾತನ್ನು ನಾನು ಇನ್ನು ಹೇಳುವುದಿಲ್ಲ. ಸಂಜೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಪೈಪು ಕೊರೆಯಲು ಸಣ್ಣ ಸಾಧನ ಬೇಕಿತ್ತು ಎಂದಳು. ಅಂಗಡಿಯವನು ಅವಳ ಹೆಗಲ ಮೇಲಿಂದ ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿದ. "ಮನೆಯವರನ್ನ ಕಳಿಸಮ್ಮಾ, ಅವರಿಗೆ ತಿಳಿಸಿ ಹೇಳ್ತೀನಿ" ಎಂದ. "ಮನೆಯವರು ನಾನೇ" ಎಂದು ಅವಳಿಗೆ ಹೊಳೆದದ್ದು ಬರಿಗೈಯಲ್ಲಿ ಬೀದಿಯ ತಿರುವಿಗೆ ಬಂದ ಮೇಲೆ.

ಅದಕ್ಕೇ ಅವಳು ಮೆಟ್ಟಿಲು ಹತ್ತದೆ, ತಾನು ಅವತ್ತಿನಿಂದ ತಲೆತಗ್ಗಿಸಿ ದಾಟುತ್ತಿದ್ದ ಬಾಗಿಲ ಮುಂದೆ ನಿಂತಳು. ಟೇಲರಮ್ಮ ಹಲ್ಲಿನಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಅವಳ ತಲೆಯ ಮೇಲೆ ಚಾವಣಿಯಲ್ಲಿ, ಚಹಾ ಚೆಲ್ಲಿದಂಥ ಕಂದು ಕಲೆ; ಕಲೆಯ ನೇರ ಕೆಳಗೆ, ಕಾವಲಿಗೆ ಕೂರಿಸಿದ ಹಾಗೆ, ಖಾಲಿ ಬಕೆಟ್ಟು.

"ಏನು? ಮತ್ತೆ ಬರ್ತಿದೆಯಾ ನೀರು? ಮುಂಚೇನೇ ಹೇಳಿಬಿಡಿ, ಬಟ್ಟೆ ಎತ್ತಿಟ್ಕೋತೀನಿ."

"ಬರಲ್ಲ. ದಬ್ಬಳ ಇದ್ದರೆ ಕೊಡಿ. ಗೋಣಿ ಹೊಲಿಯೋ ಅಂಥದ್ದು."

"ಗೋಣಿ ಯಾಕೆ, ಮರಳು ತುಂಬಿ ಅಡ್ಡ ಇಡ್ತೀರಾ?" ಟೇಲರಮ್ಮ ತನ್ನ ಮಾತಿಗೆ ತಾನೇ ನಕ್ಕಾಗ ಸೂಜಿಗಳು ಮಿನುಗಿದವು. ಡಬ್ಬಿ ಕೆದಕಿ ದಬ್ಬಳ ತೆಗೆದು ಕೊಟ್ಟಳು. "ವಾಪಸ್ ಕೊಡಬೇಕು ಮತ್ತೆ. ನಿಮ್ಮ ಮನೆಗೆ ಹೋದದ್ದು ಬರೋದು ನೀರಾಗೇ."

ಭಾವನ ಕೈಕೆಲಸ ಗಟ್ಟಿಯೇನೂ ಆಗಿರಲಿಲ್ಲ. ಪಂಪು ಆರಿಸಿ ತಿರುಚಿದಾಗ ಪೈಪಿನ ಮೇಲ್ತುದಿಯ ತುಂಡು ಕೈಗೆ ಬಂತು. ಇಷ್ಟು ದಿನ ಮುಟ್ಟಬಾರದು ಎಂದದ್ದು ಇಷ್ಟೇ ಹಗುರವೇ? ನೀರಿನ ಮಟ್ಟ ಬರುವ ಜಾಗಕ್ಕೆ ತುಸು ಕೆಳಗೆ ಉಗುರಿನಿಂದ ಗುರುತು ಮಾಡಿ, ಒಲೆಯ ಉರಿಯಲ್ಲಿ ದಬ್ಬಳವನ್ನು ಇಕ್ಕಳದಿಂದ ಹಿಡಿದು ಕೆಂಪಗೆ ಕಾಯಿಸಿದಳು. ಪೈಪಿಗೆ ಒತ್ತಿದಾಗ ಅದು ಬೆಣ್ಣೆಗಿಳಿದಂತೆ ಇಳಿದು, ಒಂದು ಎಳೆ ಹೊಗೆ ಎದ್ದು ಅಡಿಗೆಮನೆಯೆಲ್ಲ ನಾರಿತು. ಟೀವಿಯ ಮುಂದಿನಿಂದ ಅತ್ತೆ ಕೂಗಿದರು: "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲಮ್ಮಾ!"

"ಹೌದು ಅತ್ತೆ, ಸುಡ್ತಾ ಇದೀನಿ."

ಅತ್ತೆ ಒಂದು ಗಳಿಗೆ ಯೋಚಿಸಿರಬೇಕು. "ಸುಡು. ಕಿಟಕಿ ತೆಗೆದು ಸುಡು."

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ತನ್ನದೇ ಕಾರಣಕ್ಕೆ ಬಂದ ನಗು. ಇನ್ನೊಂದು ತೂತನ್ನೂ ಕೊರೆದಳು, ಪಾಚಿ ಕಟ್ಟಿ ಒಂದು ಮುಚ್ಚಿದರೆ ಇನ್ನೊಂದಿರಲಿ ಎಂದು. ತುಂಡನ್ನು ಮತ್ತೆ ಕೂರಿಸಿ ಪಂಪು ಹಚ್ಚಿದಾಗ, ತೂತುಗಳಿಂದ ನೀರಿನೊಳಗೇ ಎರಡು ತೆಳ್ಳನೆ ಸೆಲೆಗಳು ಚಿಮ್ಮಿದವು, ಒಂದು ಸಣ್ಣ ಮೀನು ಬಂದು ಅವಕ್ಕೆ ಬೆನ್ನು ಕೊಟ್ಟು ನಿಂತಿತು. ತೂತುಗಳ ಗುರುತು ಹಿಡಿಯಲು ಬಗ್ಗಿ ನೋಡಬೇಕು. ಈ ಮನೆಯಲ್ಲಿ ಬಗ್ಗಿ ನೋಡುವವಳು ಅವಳೊಬ್ಬಳೇ. ಆದರೆ ಪರೀಕ್ಷೆ ಮಾಡದೆ ಪುಟ ಅಚ್ಚಿಗೆ ಕಳಿಸುವ ಅಭ್ಯಾಸ ಅವಳಿಗಿರಲಿಲ್ಲ. ಕರೆಂಟು ಹೋಗಬೇಕು. ಅದು ತಾನಾಗಿ ಹೋಗುವವರೆಗೆ ಕಾಯುವುದೆಂದರೆ ಮತ್ತೆ ರಾತ್ರಿಗಳಲ್ಲಿ ಕಿವಿ ತೆರೆದು ಮಲಗುವುದು. ಯಾಕೆ ಕಾಯಬೇಕು?

ಭಾನುವಾರ ಭಾವ, ಅವರ ಹೆಂಡತಿ ಊಟಕ್ಕೆ ಬಂದರು. ಅನ್ನ ಬಡಿಸುವಾಗ ಭಾವ, ಇಲಾಖೆಯ ವರ್ಷದ ಕಾರ್ಯಕ್ರಮ ಏನು ಎಂದು ಕೇಳಿದರು, ಎಲ್ಲರೂ ನಕ್ಕರು, ಅವಳು ನಗಲಿಲ್ಲ. ನಗದೆ ಅವರ ತಟ್ಟೆಯನ್ನೇ ನೋಡುತ್ತಾ ನಿಂತಾಗ ನಗು ಒಂದು ಕಡೆಯಿಂದ ಆರುತ್ತಾ ಬಂತು. ಓರಗಿತ್ತಿ, "ಯಾಕೆ ಮುಖ ಹೀಗಿದೆ, ಹುಷಾರಿಲ್ವಾ?" ಎಂದರು. "ಹುಷಾರಾಗೇ ಇದೀನಿ ಅಕ್ಕ." ಊಟ ಮುಗಿಸಿ ಭಾವ ಪತ್ರಿಕೆ ಹಿಡಿದು ತೊಟ್ಟಿಯ ಎದುರಿನ ಸೋಫಾಕ್ಕೆ ಹೋದರು. ಮಿಕ್ಕವರು ಇನ್ನೂ ಒಳಗೆ ಮೇಜಿನ ಸುತ್ತ ಮಾತಾಡುತ್ತಿದ್ದರು. ಅವಳು ಕೈ ಒರೆಸಿಕೊಂಡು, ಮುಂಬಾಗಿಲ ಹಿಂದಿನ ಮೇನ್ ಸ್ವಿಚ್ಚಿನ ಮುಂದೆ ನಿಂತಳು.  ತೂತು ಕೆಲಸ ಮಾಡದಿದ್ದರೆ ಎಲ್ಲರ ಕಣ್ಣೆದುರು, ಹಗಲಿನಲ್ಲಿ, ನಿಜವಾಗಿಯೂ ಅವಳ ಕೈಯಿಂದಲೇ ನೀರು ಕೆಳಗಿಳಿಯುತ್ತದೆ. ಆಗಲಿ. ಆ ತಪ್ಪಾದರೂ ಅವಳ ಸ್ವಂತದ್ದು. ಅವಳು ಸ್ವಿಚ್ಚನ್ನು ಕೆಳಗೆಳೆದಳು.

ಫ್ಯಾನು ನಿಧಾನವಾಗುತ್ತಿದ್ದಂತೆ ಪತ್ರಿಕೆ ನೆಲಕ್ಕೆ ಬಿದ್ದ ಸದ್ದು. ಅವಳು ನಡುಮನೆಯ ಬಾಗಿಲಿಗೆ ಬಂದು ನಿಂತು ನೋಡಿದಳು. ಭಾವ ಎದ್ದಿದ್ದರು. ಅವರು ಕೆಳಗಿನ ಕಪಾಟಿನ ಬಾಗಿಲು ತೆರೆಯಲಿಲ್ಲ. ಕೆಂಪು ಗೆರೆಯ ಮೇಲೆ ನೀರಿದೆಯೇ ಎಂದು ಬಗ್ಗಿ ನೋಡಲಿಲ್ಲ. ಬಕೆಟ್ಟು ತನ್ನಿ ಎಂದು ಕೂಗಲಿಲ್ಲ. ಕೈಗಡಿಯಾರ ಬಿಚ್ಚುವಷ್ಟೂ ತಡೆಯದೆ, ಇಸ್ತ್ರಿ ಮಾಡಿದ ಅಂಗಿಯ ತೋಳಿನ ಸಮೇತ, ಮೇಲಿನ ತೊಟ್ಟಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ನೇರ ಪೈಪಿನ ಬಾಯಿಗೇ ಕೈ ಹಾಕಿದ್ದರು. ಕತ್ತಲಲ್ಲಿ ತನ್ನ ಮನೆಯ ಬೀಗದ ಕಿಂಡಿಯನ್ನು ಹುಡುಕುವ ಕೈಯ ಹಾಗೆ, ಎಲ್ಲಿಗೆ ಹೋಗಬೇಕೆಂದು ಆ ಕೈಗೆ ಗೊತ್ತಿತ್ತು. ಅವತ್ತೂ ಹೀಗೆಯೇ, ಒದ್ದೆ ನೆಲದ ನಡುವೆ, ಎಲ್ಲರಿಗೂ ಬೆನ್ನು ಕೊಟ್ಟು ಅವರು ತೊಟ್ಟಿಯೊಳಗೆ ಕೈ ಇಟ್ಟುಕೊಂಡು ನಿಂತಿದ್ದರಲ್ಲವೇ? ಅವಳು ಬಟ್ಟೆ ಹಿಂಡುತ್ತಾ ನೋಡಿದ್ದಳು, ನೋಡಿಯೂ ಓದಿರಲಿಲ್ಲ. ಆಮೇಲೆ ಎಳೆದ ಆ ಕೆಂಪು ಗೆರೆ, ಹಳೆಯ ಮಟ್ಟಕ್ಕಿಂತ ಅಷ್ಟು ಕೆಳಗೆ. ಎಷ್ಟು ನೀರು ಹಿಂದಿರುಗಿ ಬರುತ್ತದೆಂದು ಲೆಕ್ಕ ಹಾಕಿದವರು ಎಳೆಯುವ ಗೆರೆ ಅದು. ಲೆಕ್ಕ ಸಾಲದಾಯಿತು ಅಷ್ಟೇ.

"ಬಿಡಿ ಭಾವ" ಎಂದಳು.

ಅವರು ಬೆಚ್ಚಿ ತಿರುಗಿದರು. ಕೈ ನೀರಿನಲ್ಲೇ ಇತ್ತು.

"ಕೈ ತೆಗೀರಿ. ಅದು ತಾನಾಗೇ ನಿಲ್ಲುತ್ತೆ."

"ನಿಂಗೇನು ಗೊತ್ತು, ಉಕ್ಕಿ ಹೋಗುತ್ತೆ..."

"ಕೈ ತೆಗೀರಿ ಅಂದೆ."

ಅಂಥ ದನಿಯಲ್ಲಿ ಅವಳು ಈ ಮನೆಯಲ್ಲಿ ಬೆಕ್ಕನ್ನೂ ಗದರಿದವಳಲ್ಲ. ಭಾವ ಕೈ ತೆಗೆದರು. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ನಿಂತು ಕೇಳಿದರು. ಗುಳು, ಗುಳು, ಗುಳು, ಆಮೇಲೆ ತೆಳ್ಳಗೆ ಒಂದು ಸೀಟಿಯಂಥ ಉಸಿರು, ಆಮೇಲೆ, ಗುಟುಕ್. ಸದ್ದಡಗಿತು. ಅವಳು ಅವಸರವಿಲ್ಲದೆ ಬಗ್ಗಿ ಕಪಾಟು ತೆರೆದಳು. ಕೆಂಪು ಗೆರೆಯನ್ನು ದಾಟಿ, ಅಂಚಿಗೆ ಇನ್ನೂ ಗೇಣು ಬಾಕಿಯಿರುವಂತೆ ನೀರು ಕನ್ನಡಿಯ ಹಾಗೆ ನಿಂತಿತ್ತು.

"ಯಾರು ಹೇಳಿದ್ರು ನಿಂಗೆ?" ಭಾವನ ದನಿ ಪಿಸುಮಾತಿಗೆ ಇಳಿದಿತ್ತು.

"ನೀವೇ" ಎಂದಳು. "ಈಗ."

ಒಳಗಿನಿಂದ ಗಂಡ, "ಕರೆಂಟ್ ಹೋಯ್ತಾ? ತೊಟ್ಟಿ ನೋಡ್ರೋ!" ಎಂದು ಕೂಗುತ್ತಾ ಬಂದ, ಹಿಂದೆಯೇ ಬಕೆಟ್ಟು ಹಿಡಿದ ಓರಗಿತ್ತಿ. "ಏನಿಲ್ಲ, ನಿಂತಿದೆ" ಎಂದು ಅವಳು ಅವರನ್ನು ದಾಟಿ ಹೋಗಿ ಸ್ವಿಚ್ಚನ್ನು ಮೇಲೆತ್ತಿದಳು. "ಇದೇನ್ರೀ ತೋಳೆಲ್ಲ ಒದ್ದೆ?" ಎಂದು ಓರಗಿತ್ತಿ ಕೇಳುವುದು ಕೇಳಿಸಿತು. "ಎಲೆ... ಒಂದು ಎಲೆ ತೇಲ್ತಿತ್ತು" ಎಂದರು ಭಾವ. ಕಿಟಕಿಗಳೆಲ್ಲ ಮುಚ್ಚಿದ ಮೂರನೆಯ ಮಹಡಿಯಲ್ಲಿ ಎಲೆ. ಅವರು ಅವಳ ಮುಖ ನೋಡಿದರು. ಅವಳು ಆ ಎಲೆಯನ್ನು ತೇಲಲು ಬಿಟ್ಟಳು. ಹೊರಡುವಾಗ ಅಡ್ಡಹೆಸರು ಅವರ ಬಾಯಿಗೆ ಬರಲಿಲ್ಲ. ಚಪ್ಪಲಿ ಹಾಕಿಕೊಳ್ಳುವುದರಲ್ಲೇ ಬಹಳ ಹೊತ್ತು ಕಳೆದು, "ಬರ್ತೀನಮ್ಮ" ಎಂದಷ್ಟೇ ಅಂದರು.

ಮರುದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅವಳು ದಬ್ಬಳ ಹಿಂತಿರುಗಿಸಿದಳು. ಟೇಲರಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದಳು. "ತುದಿ ಕರ್ರಗೆ ಮಾಡಿದೀರಲ್ಲ! ಏನು ಹೊಲಿದ್ರಿ, ಇದ್ದಲಾ?"

"ಕೆಲಸಕ್ಕೆ ಬಂತು. ಇನ್ನೊಂದು ಮಾತು ಟೇಲರಮ್ಮ. ಅವತ್ತು ನಾನು ಇಲ್ಲಿ ತಪ್ಪಾಯ್ತು ಅಂದಿದ್ದೆನಲ್ಲ, ಎರಡು ಸಲ. ಅದನ್ನ ವಾಪಸ್ ತಗೊಂಡಿದೀನಿ."

ಯಂತ್ರದ ಗಾಲಿ ನಿಂತಿತು. "ಹಾಗಂದ್ರೆ?"

"ಹಾಗಂದ್ರೆ ಹಾಗೇ. ನನ್ನದಲ್ಲ ಅದು."

"ಮತ್ತೆ ಯಾರದು?"

ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಮುಂದೇನಾಗುತ್ತದೆಂದು ಅವಳಿಗೆ ಅಚ್ಚಾದ ಪುಟದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಮಾತು ಮೆಟ್ಟಿಲು ಹತ್ತುತ್ತದೆ, ಮನೆಯವರೆಲ್ಲ ಸೇರುತ್ತಾರೆ, ಭಾವ ತಲೆ ತಗ್ಗಿಸುತ್ತಾರೆ, ಒಂದು ಕಾಫಿ ಆರುವುದರೊಳಗೆ ಗಂಡ ಹೋಗಲಿ ಬಿಡು ಎನ್ನುತ್ತಾನೆ, ಅತ್ತೆ ದೊಡ್ಡವನಲ್ಲವೇನಮ್ಮ ಎನ್ನುತ್ತಾರೆ, ಕ್ಷಮಿಸುವುದು ಅವಳ ಕರ್ತವ್ಯವಾಗುತ್ತದೆ. ಎಲ್ಲರ ಮುಂದೆ, ಜೋರಾಗಿ, ಪರವಾಗಿಲ್ಲ ಭಾವ ಎನ್ನಬೇಕಾಗುತ್ತದೆ. ತಪ್ಪಾಯ್ತು ಎಂದು ಹೇಳಿಸಿದ ಹಾಗೆಯೇ ಅದನ್ನೂ ಹೇಳಿಸುತ್ತಾರೆ. ಹೇಳದಿದ್ದರೆ ಕ್ಷಮಿಸುವ ಹಂಗಿಲ್ಲ. ಪ್ರತಿ ಭಾನುವಾರ ಅವರು ಬರಲಿ, ಊಟ ಮಾಡಲಿ, ನೀರು ಕೇಳುವಾಗ ಅವಳ ಮುಖ ನೋಡಲಿ. ಅವಳು ಯಾರಿಗೂ ಹೇಳುವುದಿಲ್ಲ. ಗಂಡನಿಗೂ ಇಲ್ಲ, ಇವಳಿಗೂ ಇಲ್ಲ.

"ಯಾರದು ಅಂತ ನೀವೇ ಹುಡುಕಿಕೊಳ್ಳಿ" ಎಂದು ನಕ್ಕು, ಅವಳು ಮೇಜು ಬಳಸಿ ಹೋಗಿ ಕಲೆಯ ಕೆಳಗಿನ ಬಕೆಟ್ಟನ್ನು ಎತ್ತಿ, ಮೂಲೆಗೆ ಒಯ್ದು, ಬೋರಲು ಹಾಕಿ, ಹೊರಗೆ ನಡೆದಳು.